ಭಾವನವರಿಗೆ ಮೂಲದ ಬಾಧೆ

ನಮ್ಮ ಭಾವನವರಿಗೆ ಮೂಲವ್ಯಾಧಿ ಇತ್ತೆಂದು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಜನ ಇವತ್ತಿಗೂ ನಂಬಿಕೊಂಡಿದ್ದಾರೆ. ಖಂಡಿತ ಇರಲಿಲ್ಲ! ಬೇಕಾದರೆ ನನ್ನ ಅಕ್ಕನನ್ನು ಕೇಳಿ. ಆದರೆ ಅವರಿಗಿದ್ದದ್ದು ಅದಕ್ಕಿಂತ ಕೆಟ್ಟ ಕಾಯಿಲೆ. ಮೂಲವ್ಯಾಧಿ ಬಂದವನು ತಾನೊಬ್ಬನೇ ನರಳುತ್ತಾನೆ; ಭಾವನ ಕಾಯಿಲೆಗೆ ಜೊತೆಯಲ್ಲಿ ನಾನೂ ನರಳಬೇಕಿತ್ತು.

ವಿಷಯ ಇಷ್ಟೆ. ಹಿಂದೆ ಬಿದನೂರಿನ ಅರಸರ ಕಾಲದಲ್ಲಿ ಒಬ್ಬ ಪ್ರಧಾನಿ ಇದ್ದರಂತೆ. ರಾಜ್ಯಭಾರದ ನಡುವೆಯೂ ರಾಜನೀತಿಯ ಬಗ್ಗೆ ಏನೇನೋ ಬರೆದಿಟ್ಟಿದ್ದರಂತೆ. ಭಾವ ಅವರ ಬಗ್ಗೆ ಪುಸ್ತಕ ಬರೆಯಲು ಹೊರಟು, ಶಿವಮೊಗ್ಗದ ಒಂದು ಸಭೆಯಲ್ಲಿ ಭಾಷಣವನ್ನೂ ಮಾಡಿಬಿಟ್ಟರು. ಭಾಷಣ ಮುಗಿಯುವುದೇ ತಡ, ಮೈಸೂರಿನಿಂದ ಬಂದಿದ್ದ ವಿದ್ವಾಂಸರೊಬ್ಬರು ಎದ್ದು ನಿಂತು, "ನಿಮ್ಮ ಪ್ರಧಾನಿಗೆ ಅಕ್ಷರವೇ ಬರುತ್ತಿರಲಿಲ್ಲ ಸ್ವಾಮಿ! ಮುದ್ರೆ ಒತ್ತುತ್ತಿದ್ದ, ಅಷ್ಟೆ. ಅವನ ಕೈಬರಹದ ಒಂದು ಸಾಲು ತಂದು ತೋರಿಸಿ, ಆಮೇಲೆ ಪುಸ್ತಕದ ಮಾತು" ಎಂದರು. ಸಭೆಯೆಲ್ಲ ನಕ್ಕಿತು. ಅಂದಿನಿಂದ ಭಾವ ಪುಸ್ತಕದ ಕೆಲಸ ನಿಲ್ಲಿಸಿದರು. ಪ್ರಧಾನಿಯ ಸ್ವಂತ ಕೈಯ ಒಂದೇ ಒಂದು ಸಾಲು, ಅಂದರೆ 'ಮೂಲ', ಸಿಗುವ ತನಕ ಲೇಖನಿ ಮುಟ್ಟುವುದಿಲ್ಲ ಎಂದು ಹಟ ಹಿಡಿದರು.

ನಾನು ಸಾಗರದಲ್ಲಿ ಮೇಷ್ಟ್ರು. ಮೇಷ್ಟ್ರಿಗೆ ರಜ ಜಾಸ್ತಿ ಎನ್ನುವುದು ಭಾವನ ಇನ್ನೊಂದು ಸಂಶೋಧನೆ. ಇದಕ್ಕೆ ಮಾತ್ರ ಅವರು ಯಾವ ಆಧಾರವನ್ನೂ ಕೇಳಲಿಲ್ಲ! ದಸರಾ ರಜ, ಬೇಸಿಗೆ ರಜ, ಭಾನುವಾರ, ಎಲ್ಲವೂ ಪ್ರಧಾನಿಗೆ ಅರ್ಪಣೆ. ಚೀಲ ಹೊರುವವನು ನಾನು, ನಡೆಯುವವನು ನಾನು, ಯಾರದೋ ಅಟ್ಟ ಹತ್ತಿ ಇಲಿ ಹಿಕ್ಕೆಯ ನಡುವೆ ಕೈಯಾಡಿಸುವವನೂ ನಾನೇ. ಸಾಕಪ್ಪಾ ಸಾಕು ಎನ್ನಿಸಿಬಿಟ್ಟಿತ್ತು.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ಅಕ್ಕ ಪಾಪ, "ಅಕ್ಕಿ ಮುಗ್ದಿದೆ, ತರ್ಬೇಕು" ಎಂದರೆ ಭಾವ ಕನ್ನಡಕದ ಮೇಲಿಂದ ನೋಡಿ, "ಯಾರು ಹೇಳಿದ್ದು? ನೀನೇ ಡಬ್ಬ ತೆಗೆದು ನೋಡಿದ್ಯಾ?" ಎನ್ನುತ್ತಿದ್ದರು.

"ಇಲ್ಲ, ನಿಮ್ಮ ಪ್ರಧಾನಿ ಹೇಳಿ ಕಳ್ಸಿದ್ರು!" ಎಂದು ಅಕ್ಕ ಒಳಗೆ ಹೋಗುತ್ತಿದ್ದಳು. ಆ ಹೊತ್ತಿನ ಊಟ ತಡವಾಗುತ್ತಿತ್ತು.

ಇನ್ನು ಆ ಕಾಯಿಲೆಯ ಸುದ್ದಿ ಹಬ್ಬಿದ್ದು ಹೇಗೆಂದು ಹೇಳುತ್ತೇನೆ. ರಿಪ್ಪನ್‌ಪೇಟೆಯಲ್ಲಿ ಬಸ್ಸು ಹತ್ತಿದಾಗ ಕಂಡಕ್ಟರು ಸುಮ್ಮನಿರಲಾರದೆ, "ಎಂತ ಸ್ವಾಮಿ, ವಾರ ವಾರ ಓಡಾಡ್ತೀರಿ?" ಎಂದ.

"ಮೂಲ ಕಣಯ್ಯ, ಮೂಲ!" ಎಂದು ಭಾವ ನಿಟ್ಟುಸಿರುಬಿಟ್ಟರು. "ಎಷ್ಟು ವರ್ಷದಿಂದ ಒದ್ದಾಡ್ತಾ ಇದ್ದೀನಿ. ಅದರ ಚಿಂತೆಯಲ್ಲಿ ನಿಂತರೆ ಕೂರೋಕಾಗಲ್ಲ, ಕೂತರೆ ನಿಲ್ಲೋಕಾಗಲ್ಲ."

"ಅಯ್ಯಯ್ಯೋ! ಹಂಗಾದ್ರೆ ಹಿಂದಿನ ಸೀಟು ಬ್ಯಾಡವೇ ಬ್ಯಾಡ, ಎತ್ತಿ ಹಾಕ್ತದೆ. ಮುಂದೆ ಬನ್ನಿ" ಎಂದು ಅವನು ಇಬ್ಬರನ್ನು ಎಬ್ಬಿಸಿ, ಗೋಣಿಚೀಲ ಮಡಿಚಿ ಸೀಟಿನ ಮೇಲೆ ಹಾಸಿಕೊಟ್ಟ. ಭಾವ ನನ್ನ ಕಿವಿಯಲ್ಲಿ, "ನೋಡಿದ್ಯಾ ಮಾರಾಯ, ನಮ್ಮ ಜನಕ್ಕೆ ಸಂಶೋಧನೆ ಅಂದ್ರೆ ಎಷ್ಟು ಗೌರವ!" ಎಂದರು. ನಾನು ತಿದ್ದಲು ಹೋಗಲಿಲ್ಲ. ಪಕ್ಕದಲ್ಲಿ ನನಗೂ ಸೀಟು ಸಿಕ್ಕಿತ್ತಲ್ಲ!

ಕಂಡಕ್ಟರನಿಂದ ಹೋಟೆಲಿಗೆ, ಹೋಟೆಲಿನಿಂದ ಊರಿಗೆ ಸುದ್ದಿ ಹೋಯಿತು. ಹೋಟೆಲಿನವನು ಕಾಫಿ ಕೊಡುವ ಬದಲು ಮಜ್ಜಿಗೆ ತಂದಿಟ್ಟು, "ಸುವರ್ಣಗಡ್ಡೆ ತಿನ್ನಿ ಸ್ವಾಮಿ, ಮೂಲ ಬುಡಸಮೇತ ಹೋಗ್ತದೆ" ಎಂದ.

"ಹೋಗೋದಲ್ಲ ಮಾರಾಯ, ಅದು ನನಗೆ ಬೇಕು!" ಎಂದರು ಭಾವ. ಅವನು ನನ್ನ ಕಡೆ ತಿರುಗಿ, ತಲೆಗೂ ಏರಿದೆಯಾ ಎಂಬಂತೆ ನೋಡಿದ. ಆಮೇಲೆ ಹೋದಲ್ಲೆಲ್ಲ ಸುವರ್ಣಗಡ್ಡೆ ಕಟ್ಟಿ ಕೊಡುವವರೇ! ಮನೆಯಲ್ಲಿ ಪಲ್ಯ, ಹುಳಿ, ಮತ್ತೆ ಪಲ್ಯ. "ಪ್ರಧಾನಿ ಬರೆದ್ನೋ ಬಿಟ್ನೋ ನಾ ಕಾಣೆ. ಗಡ್ಡೆ ಹೆಚ್ಚಿ ನನ್ನ ಕೈ ತುರಿಸೋದು ಮಾತ್ರ ಸತ್ಯ" ಎಂದು ಅಕ್ಕ ಕೈಗೆ ಹುಣಸೆಹಣ್ಣು ಉಜ್ಜಿಕೊಳ್ಳುತ್ತಿದ್ದಳು.

ತೀರ್ಥಹಳ್ಳಿಯ ಕಡೆ ಒಂದು ಮನೆಯಲ್ಲಿ ಓಲೆಗರಿಯ ಕಟ್ಟು ಇದೆಯೆಂದು ತಿಳಿಯಿತು. ಹೋದರೆ ಯಜಮಾನರು, "ನವರಾತ್ರಿಲಿ ಹೊರಗೆ ಇಟ್ಟು ಪೂಜೆ ಮಾಡೋದು. ಬಿಚ್ಚೋ ಪದ್ಧತಿ ನಮ್ಮಲ್ಲಿಲ್ಲ" ಎಂದರು. ಭಾವ ನವರಾತ್ರಿಯ ತನಕ ಕಾದರು. ಪೂಜೆಗೆ ಹೋಗಿ, ಮಡಿಯುಟ್ಟು ಕೂತು, ಅಡ್ಡಬಿದ್ದು, ಕಡೆಗೂ ಯಜಮಾನರನ್ನು ಒಪ್ಪಿಸಿದರು. ಕೆಂಪು ವಸ್ತ್ರ ಬಿಚ್ಚಿದರೆ ಮೇಲೊಂದು ಹಲಗೆ, ಕೆಳಗೊಂದು ಹಲಗೆ, ನಡುವೆ ಗೆದ್ದಲು ಮಣ್ಣು!

ಯಜಮಾನರು ಬಹಳ ಹೊತ್ತು ಅದನ್ನೇ ನೋಡಿ, "ಅಂದ್ರೆ ಇಷ್ಟು ವರ್ಷ ಎಂಥದಕ್ಕೆ ಪೂಜೆ ಮಾಡಿದ್ವು ಮಾರಾಯ್ರೆ?" ಎಂದರು. ಆಮೇಲೆ ತಾವೇ ಸಮಾಧಾನ ಮಾಡಿಕೊಂಡು, "ಆಗ್ಲಿ, ಪ್ರಸಾದ ತಗೊಳ್ಳಿ" ಎಂದರು. ಪಾಯಸ ಚೆನ್ನಾಗಿತ್ತು.

ಅದೇ ಊರಿನ ನಿವೃತ್ತ ಶಾನುಭೋಗರೊಬ್ಬರು ಪ್ರಧಾನಿಯ ಬರಹ ತಮ್ಮಲ್ಲಿದೆ ಎಂದು ದುಂಡಗಿನ ಅಕ್ಷರದ ಹಾಳೆ ತಂದರು. "ಮೂಲ ಎಲ್ಲಿ?" ಎಂದರು ಭಾವ. "ಹಳತಾಗಿ ಪುಡಿಪುಡಿ ಆಗಿತ್ತು. ಕಾಲಿಗೆ ಸಿಗಬಾರ್ದು ಅಂತ ತುಂಗೆಗೆ ಬಿಟ್ಟೆ. ನಕಲು ಇದೆಯಲ್ಲ, ನಾನೇ ಮಾಡಿದ್ದು" ಎಂದರು ಶಾನುಭೋಗರು. ಭಾವ ಆ ಹಾಳೆಯ ಮೇಲೆ ಕಣ್ಣನ್ನೂ ಹಾಯಿಸದೆ ಎದ್ದುಬಿಟ್ಟರು. ನಾನು ಎಷ್ಟೋ ಹೇಳಿದೆ. "ನಾಳೆ ನನ್ನ ಮಾತಿಗೆ ಯಾರು ಬೆಲೆ ಕೊಡ್ತಾರೆ? ಕಾಣದ್ದನ್ನ ಕಂಡೆ ಅಂತ ಹೇಳೋ ಜಾತಿ ನಾನಲ್ಲ" ಎಂದು ದಾರಿಯುದ್ದಕ್ಕೂ ಗೊಣಗಿದರು. ಕಾಫಿಯೂ ಹೋಯಿತು, ಬಸ್ಸೂ ಹೋಯಿತು.

ಅಷ್ಟರಲ್ಲಿ ಶರಾವತಿಗೆ ಅಣೆಕಟ್ಟು ಎದ್ದು, ಹೊಸನಗರದ ಕಡೆಯ ಹಳ್ಳಿಗಳಿಗೆ ನೀರು ಬರುವ ಕಾಲವಾಯಿತು. ಜನ ಹೆಂಚು, ಬಾಗಿಲುಗಳನ್ನು ಕಿತ್ತು ಗಾಡಿಗೆ ಹೇರುತ್ತಿದ್ದರು. ಅಂಥ ಊರಿನಲ್ಲಿ ಭಾವ ಒಬ್ಬನನ್ನು ನಿಲ್ಲಿಸಿ, "ಪ್ರಧಾನಿಯವರ ಕಾಗದ ಏನಾದರೂ ಇದೆಯೇನಪ್ಪ?" ಎಂದು ಕೇಳಿದರು. ಅವನು ಗಾಬರಿಯಿಂದ, "ದಿಲ್ಲಿಯಿಂದ ಬಂತಾ? ಮುಳುಗಡೆ ನಿಲ್ಸಿದ್ರಂತಾ?" ಎಂದ. ಭಾವ ತಲೆ ತಗ್ಗಿಸಿ, ತಾವು ಕೇಳಿದ್ದು ಬಿದನೂರಿನ ಪ್ರಧಾನಿಯ ಕಾಗದ ಎಂದರು.

ಆದರೆ ಅವನೇ ನಮಗೆ ದಾರಿ ತೋರಿಸಿದ್ದು. ಅವನ ಮನೆಯ ಅಟ್ಟದಲ್ಲಿ ಒಂದು ಕಡತ ಇತ್ತಂತೆ. ಕಡತವೆಂದರೆ ಈಗಿನ ಕಚೇರಿಯ ಫೈಲಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲು ಬಳಿದು ಮಡಿಕೆ ಮಡಿಕೆಯಾಗಿ ಮಾಡಿದ ಕರಿಯ ಪುಸ್ತಕ; ಮಕ್ಕಳ ಸ್ಲೇಟಿನಂತೆ ಅದರ ಮೇಲೆ ಬಳಪದಲ್ಲಿ ಬರೆಯುವುದು. ಒಂದು ಮಳೆಗಾಲ ಪ್ರಧಾನಿ ಆ ಮನೆಯಲ್ಲಿ ಆಸರೆ ಪಡೆದು, ಹೋಗುವಾಗ ತಾವೇ ಬರೆದು ಕೊಟ್ಟಿದ್ದೆಂದು ಹಿರಿಯರು ಹೇಳುತ್ತಿದ್ದರಂತೆ. "ಸಾಮಾನಿನ ಅಡಿಗೆ ಸೇರಿದೆ. ಹುಡ್ಕಿ ಹೇಳಿ ಕಳಿಸ್ತೀನಿ" ಎಂದ. ಮುಂದಿನ ವಾರ ಹೇಳಿ ಕಳಿಸಿದ: ಸಿಕ್ಕಿದೆ, ಒಳಗೆಲ್ಲ ಬಿಳಿ ಅಕ್ಷರ ತುಂಬಿದೆ, ಬೇಗ ಬನ್ನಿ.

ಭಾವ ಅವತ್ತು ಹೊಸ ಪಂಚೆ ಉಟ್ಟರು.

ಹೋದರೆ ಹೇಳಿ ಕಳಿಸಿದವನು ಗಾಡಿಯ ಜೊತೆ ಹೊಸ ಜಾಗಕ್ಕೆ ಹೋಗಿದ್ದ. ಅವನ ತಾಯಿ ಒಬ್ಬರೇ ಜಗುಲಿಯಲ್ಲಿದ್ದರು. ಅರ್ಧ ಮನೆಯ ಮಾಡು ಆಗಲೇ ಕಿತ್ತಾಗಿತ್ತು.

"ಬಂದ್ರಾ? ಬನ್ನಿ, ಬನ್ನಿ. ಕಾಲಿಗೆ ನೀರು ತಗಳಿ" ಎಂದು ಆಕೆ ಸಂಭ್ರಮದಿಂದ ಎದ್ದರು. ಒಗೆದ ಬಟ್ಟೆಯಲ್ಲಿ ಸುತ್ತಿದ್ದ ಕಡತವನ್ನು ತಂದು ಮಣೆಯ ಮೇಲಿಟ್ಟರು. "ನಿಮ್ಮಂಥ ದೊಡ್ಡೋರ ಕೈಗೆ ಹೆಂಗೆ ಕೊಡದು ಅಂತ ಬೆಳಿಗ್ಗೆ ತೆಗ್ದು ನೋಡ್ದೆ. ಬೂಷ್ಟು ಹಿಡ್ದಂಗೆ ಒಳಗೆಲ್ಲ ಬಿಳಿ ಬಿಳಿ ಗೀರು! ಒದ್ದೆ ಬಟ್ಟೆ ತಗಂಡು ಒಂದೊಂದು ಮಡಿಕೆನೂ ಒರೆಸಿದೀನಿ. ಹೊಸ ಮನೆಗೆ ಕೊಳೆ ಹೊತ್ಕಂಡು ಹೋಗದು ಬ್ಯಾಡ ಅಂತ. ಈಗ ನೋಡಿ, ಹೆಂಗೆ ಹೊಳೀತದೆ!"

ಭಾವ ಕಡತ ಬಿಡಿಸಿದರು. ಮೊದಲ ಮಡಿಕೆ ಕಪ್ಪು, ಎರಡನೆಯದು ಕಪ್ಪು, ಕೊನೆಯ ತನಕ ಕಪ್ಪು. ಒಂದು ಚುಕ್ಕೆಯೂ ಉಳಿದಿರಲಿಲ್ಲ. ಇಷ್ಟು ವರ್ಷ ಹುಡುಕಿದ್ದು ಇನ್ನೂ ಆರದೆ, ಒದ್ದೆಯಾಗಿ ಅವರ ಕೈಯಲ್ಲಿತ್ತು. "ಅಯ್ಯೋ, ಎಂಥ ಕೆಲಸ..." ಎಂದು ನಾನು ಬಾಯಿ ತೆರೆದೆ. ಭಾವ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಚುಕಿದರು.

ಆಕೆ ಎದುರಿಗೆ ಕೂತು, "ನಂಗೆ ಓದು ಬರಲ್ಲ. ನಮ್ಮತ್ತೆಗೂ ಬರ್ತಿರ್ಲಿಲ್ಲ. ಓದು ಬಂದೋರಿಗೆ ಕಾಣ್ತದಲ್ಲ? ಇದ್ರಲ್ಲಿ ಎಂತ ಬರ್ದಿದಾರೆ ಅಂತ ಒಂದ್ಸಲ ಕೇಳ್ಬೇಕು ಅಂತ ಆಸೆ" ಎಂದರು.

ಭಾವ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಕರಿಯ ಬಟ್ಟೆಯ ಮೇಲೆ ಎಡದಿಂದ ಬಲಕ್ಕೆ ಬೆರಳಾಡಿಸುತ್ತ ನಿಧಾನವಾಗಿ ಓದತೊಡಗಿದರು.

"ಮಳೆಗೆ ಸಿಕ್ಕಿ ಬಂದ ನಮಗೆ ಈ ಮನೆಯವರು ಬೆಂಕಿ ಕೊಟ್ಟರು, ತಮ್ಮ ಪಾಲಿನ ಗಂಜಿ ಕೊಟ್ಟರು. ನಾವು ಯಾರೆಂದು ಕೇಳಲಿಲ್ಲ." ಒಂದು ಮಡಿಕೆ ತಿರುವಿದರು. "ಇವರು ನೆಲ ಬಿಟ್ಟು ಎಲ್ಲಿಗೆ ಹೋಗಿ ನೆಲೆಸಿದರೂ ಇವರ ಒಲೆ ಆರದಿರಲಿ. ಇದು ನಮ್ಮ ಮಾತು."

ಆಕೆ ಸೆರಗಿನಿಂದ ಕಣ್ಣು ಒತ್ತಿಕೊಂಡರು. "ಎಲ್ಲಿಗೆ ಹೋದ್ರೂ ಅಂತ ಬರ್ದಿದಾರಾ? ಹಂಗಾದ್ರೆ ಅವ್ರಿಗೆ ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು ತಾಯಿ."

"ಅವ್ರೇ ಬರ್ದಿದ್ದಾ?"

"ಅವರ ಕೈಯದೇ. ಒಂದಕ್ಷರವೂ ಬೇರೆಯವರದ್ದಲ್ಲ" ಎಂದರು ಭಾವ.

ವಾಪಸು ಬರುವಾಗ ಬಸ್ಸಿನಲ್ಲಿ ಜನವಿರಲಿಲ್ಲ. ನಾನು, "ಮೈಸೂರಿನವರಿಗೆ ಏನು ಹೇಳ್ತೀರಿ ಭಾವ?" ಎಂದೆ.

"ನೀವು ಹೇಳಿದ್ದೇ ಸರಿ, ಪ್ರಧಾನಿಗೆ ಅಕ್ಷರ ಬರ್ತಿರಲಿಲ್ಲ ಅಂತ ಬರೀತೀನಿ. ಅಳಿಸಿದ ಕಥೆ ಹೇಳಿದ್ರೆ ಆ ತಾಯಿಯ ಕಿವಿಗೆ ಬೀಳ್ತದೆ" ಎಂದವರು ಕಿಟಕಿಯ ಕಡೆ ತಿರುಗಿ ಅತ್ತುಬಿಟ್ಟರು. ಅವರನ್ನು ತಬ್ಬಿಕೊಳ್ಳಬೇಕು ಎನ್ನಿಸಿತು. ಭಾವ, ಭಾವಮೈದುನರು ಹಾಗೆಲ್ಲ ಮಾಡುವ ರೂಢಿ ನಮ್ಮಲ್ಲಿಲ್ಲ. ಸುಮ್ಮನೆ ಅವರ ಹತ್ತಿರಕ್ಕೆ ಸರಿದು ಕೂತೆ.