ಮೀನಿನ ಐಸಿನ ಮೇಲೆ ಓಡಿದ ಹಿಮವಾಹನದ ಕುರಿತು

ಹಿಮವಾಹನ ಕಂಪನಿಯ ವಾರಂಟಿ ವಿಭಾಗದ ಮಾನ್ಯರೇ,

ಮೈನಸ್ ಇಪ್ಪತ್ತರ ಚಳಿಯಲ್ಲೂ ಕೈ ನಡುಗದೆ ನಮ್ಮ ಅರ್ಜಿಗೆ 'ಇಲ್ಲ' ಎಂದು ಬರೆದು ಕಳಿಸಿದ ತಮ್ಮ ದೃಢತೆಗೆ, ದುಬೈಯ ರಾಸ್ ಅಲ್ ಖೋರ್‌ನಿಂದ ಸೂಫಿಯಾ ಎಂಬವಳು ಫ್ಯಾನಿನಡಿ ಕೂತು ಮಾಡುವ ಸಲಾಮುಗಳು.

ನನ್ನ ಗಂಡ ಕುಂಞಾಲಿ ಇಲ್ಲಿ ಲಾರಿ ರಿಪೇರಿಯ ಗ್ಯಾರೇಜು ಇಟ್ಟವರು. ದಿನವಿಡೀ ಡೀಸೆಲ್ ಎಂಜಿನ್‌ಗಳ ಅಬ್ಬರಕ್ಕೆ ಕಿವಿ ಸವೆಸಿಕೊಂಡ ಇವರಿಗೆ ತಮ್ಮ ಸೇಲ್ಸ್‌ಮನ್, ನಾಲ್ಕು-ಸ್ಟ್ರೋಕ್ ಎಂಜಿನ್ನಿನ ಈ ಗಾಡಿ ಹೊಗೆಯುಗುಳುವುದಿಲ್ಲ, ಗದ್ದಲ ಮಾಡುವುದಿಲ್ಲ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹಿಮದ ಕಾಡುದಾರಿಯಲ್ಲಿ ಆರಾಮವಾಗಿ ಹೋಗಬಹುದು ಎಂದೆಲ್ಲ ವರ್ಣಿಸಿದರು. ಹಿಮ ಎಲ್ಲಿದೆ ಎಂದು ಮಾತ್ರ ಹೇಳಲಿಲ್ಲ. ಕೊಂಡ ಗಾಡಿಯನ್ನು ಹಿಮದ ದೇಶಕ್ಕೆ ಸಾಗಿಸಿ ರಜೆ ಕಳೆಯುವುದೆಂದು ಇವರು ಯೋಜನೆ ಹಾಕಿದರು. ಗಾಡಿ ಹೋಗಲು ಯಾರ ಅಡ್ಡಿಯೂ ಇರಲಿಲ್ಲ, ವೀಸಾ ಸಿಗದಿದ್ದದ್ದು ನಮಗೆ. ಹಿಡಿಕೆ ಬೆಚ್ಚಗಾಗುವ ತಮ್ಮ ವ್ಯವಸ್ಥೆಯನ್ನಂತೂ ಎಷ್ಟು ಹೊಗಳಿದರೂ ಸಾಲದು. ಜೂನ್ ತಿಂಗಳಲ್ಲಿ ಅದು ಸ್ವಿಚ್ಚು ಹಾಕದೆಯೇ ಕೆಲಸ ಮಾಡುತ್ತದೆ.

ಎರಡನೇ ಸಲವೂ ವೀಸಾ ಇಲ್ಲವೆಂದಾದ ಮೇಲೆ ಇವರು ಮಾತೇ ಬಿಟ್ಟರು. ಕೆಲಸ ಮುಗಿದ ಕೂಡಲೇ ಗಾಡಿ ಹತ್ತಿ ಕೂತು, ಎದುರಿನ ಹಳೇ ಟಯರ್ ರಾಶಿಯನ್ನು ತಮ್ಮ ಜಾಹೀರಾತಿನ ದೇವದಾರು ಕಾಡೆಂಬಂತೆ ದಿಟ್ಟಿಸುತ್ತಿದ್ದರು. ಊಟಕ್ಕೆ ಕರೆದರೆ "ಹ್ಞೂಂ" ಎಂದಷ್ಟೇ ಉತ್ತರ. ಗದ್ದಲ ಮಾಡುವ ಗಂಡನನ್ನು ಸಹಿಸಬಹುದು, ಮಾನ್ಯರೇ. ನಾಲ್ಕು-ಸ್ಟ್ರೋಕಿನಂತೆ ತಣ್ಣಗಾದ ಗಂಡನ ಜೊತೆ ಬಾಳುವುದು ಕಷ್ಟ.

ಆದ್ದರಿಂದ ಜನವರಿಯ ಒಂದು ಬೆಳಿಗ್ಗೆ, ಮೀನು ಮಾರ್ಕೆಟ್ಟಿನಲ್ಲಿ ಕೆಲಸಕ್ಕಿರುವ ನನ್ನ ತಮ್ಮ ಹಿಶಾಮನಿಗೆ ಹೇಳಿ, ಪಿಕಪ್ ತುಂಬ ಪುಡಿ ಐಸ್ ತರಿಸಿ ಗ್ಯಾರೇಜಿನ ಅಂಗಳಕ್ಕೆ ಹರಡಿಸಿದೆ. ನಡುನಡುವೆ ಒಂದೆರಡು ಬಂಗುಡೆ ಮೀನುಗಳೂ ಇದ್ದವು. "ಎಂತ ಮರ್ಲು ಸೂಫಿಯಾ ಇದು?" ಎಂದು ಕೂಗಿದ ಇವರು ಮರುಕ್ಷಣವೇ ಹೆಲ್ಮೆಟ್ ಹುಡುಕತೊಡಗಿದರು. "ಹಿಂದೆ ಕೂತ್ಕೊ, ಮೆಲ್ಲ ಹೋಗುವ" ಎಂದರು. ಗೇಟಿನಿಂದ ನೀರಿನ ಟ್ಯಾಂಕಿನವರೆಗೆ ನಿಜಕ್ಕೂ ಮೆಲ್ಲ ಹೋದೆವು. "ನೋಡಿದ್ಯಾ, ಶಬ್ದವೇ ಇಲ್ಲ!" ಎಂದು ಪಕ್ಕದ ಗ್ಯಾರೇಜಿನವರೆಲ್ಲ ಹೊರಗೆ ಓಡಿಬರುವಷ್ಟು ಜೋರಾಗಿ ಕಿರುಚಿದರು. ತಿರುಗಿ ಬರುವಷ್ಟರಲ್ಲಿ ಐಸ್ ಖಲಾಸ್. ಬರಿ ಸಿಮೆಂಟಿನ ಮೇಲೆ ಉಜ್ಜಿ, ಚಕ್ರದ ಬದಲಿಗಿರುವ ರಬ್ಬರ್ ಬೆಲ್ಟಿನ ಒಳಗಿನ ಪ್ಲಾಸ್ಟಿಕ್ ಜಾರುಪಟ್ಟಿ ಕರಗಿ, ಗಾಡಿ ನಿಂತೇಬಿಟ್ಟಿತು. ಇವರು ಅಳುತ್ತಾರೇನೋ ಎಂದು ಹೆದರಿದೆ. ಹ್ಯಾಂಡಲ್ ಮೇಲೆ ತಲೆಯಿಟ್ಟು ಇವರು ನಕ್ಕರು. ಇವರ ಬೆನ್ನಿಗೆ ತಲೆಯಿಟ್ಟು ನಾನೂ ನಕ್ಕೆ.

ಹೊಸ ಜಾರುಪಟ್ಟಿ ಕೇಳಿದ್ದಕ್ಕೆ ತಾವು, ಮೀನಿನ ಐಸ್ ಅನುಮೋದಿತ ಹಿಮವಲ್ಲವಾದ್ದರಿಂದ ವಾರಂಟಿ ರದ್ದು ಎಂದು ಬರೆದಿದ್ದೀರಿ. ತಮ್ಮ ಜ್ಞಾನಕ್ಕೆ ಶರಣು. ಹಾಗಿದ್ದರೆ ದಯವಿಟ್ಟು ಅನುಮೋದಿತ ಹಿಮವನ್ನು ತಾವೇ, ಕರಗದಂತೆ ಕಟ್ಟಿ, ಕೊರಿಯರ್ ಮಾಡಬೇಕು. ಇಲ್ಲವೇ ಮುಂದಿನ ಜಾಹೀರಾತಿನಲ್ಲಿ ದೇವದಾರುಗಳ ಪಕ್ಕ ಬಂಗುಡೆಗೂ ಒಂದು ಜಾಗ ಕೊಡಬೇಕು. ಎರಡೂ ಆಗದಿದ್ದರೆ ಬೇಸರವಿಲ್ಲ. ಜಾರುಪಟ್ಟಿಯನ್ನು ಇವರೇ ಮಾಡಿಕೊಂಡಿದ್ದಾರೆ, ಮುಂದಿನ ವಾರಕ್ಕೆ ಹಿಶಾಮ್ ಎರಡು ಪಿಕಪ್ ಐಸ್ ಒಪ್ಪಿಕೊಂಡಿದ್ದಾನೆ. ಇವರ ಮಾತಂತೂ ಅಂದಿನಿಂದ ನಿಂತಿಲ್ಲ. ಅದನ್ನು ನಿಲ್ಲಿಸುವ ಬಿಡಿಭಾಗವೇನಾದರೂ ತಮ್ಮಲ್ಲಿದ್ದರೆ ಕೂಡಲೇ ಕಳಿಸಿಕೊಡಿ.

ಹಿಂದಿನ ಸೀಟಿನಿಂದ,
ತಮ್ಮ ವಿಶ್ವಾಸಿ,
ಸೂಫಿಯಾ

ಮರೆತ ಮಾತು: ಆ ಜಾರುಪಟ್ಟಿ ತಯಾರಾದದ್ದು ನನ್ನ ಅಡುಗೆಮನೆಯ ಪ್ಲಾಸ್ಟಿಕ್ ಹೆಚ್ಚುಮಣೆಯನ್ನು ಕೊಯ್ದು. ಸದ್ಯಕ್ಕೆ ಈರುಳ್ಳಿಯನ್ನು ತಮ್ಮ ದಪ್ಪನೆಯ ಬಳಕೆದಾರರ ಕೈಪಿಡಿಯ ಮೇಲಿಟ್ಟು ಹೆಚ್ಚುತ್ತಿದ್ದೇನೆ. ಹಿಮಪಾತದ ಅಧ್ಯಾಯ ಮುಗಿಯಿತು, ನಾಳೆ ವಾರಂಟಿ.