ಅಕ್ಕನ ಕೋಣೆಯ ಗೋಡೆ

ಮೇಲಿನ ಮನೆಯ ಮೇಷ್ಟ್ರ ಬಚ್ಚಲಿನಲ್ಲಿ ಕೊಳವೆ ಒಳಗೊಳಗೇ ಬಿರುಕು ಬಿಟ್ಟಿತ್ತು. ನೀರು ಸದ್ದಿಲ್ಲದೆ ಕೆಳಗಿಳಿದು ಗಡಿಯಾರ ರಿಪೇರಿಯವನ ಅಕ್ಕನ ಕೋಣೆಯ ಗೋಡೆ ಸೇರಿತು. ಗೋಡೆ ಊದಿತು, ಬೂಷ್ಟು ಹಿಡಿಯಿತು, ಅಕ್ಕನಿಗೆ ಕೆಮ್ಮು ಹತ್ತಿತು. ಕೆಮ್ಮು ಉಬ್ಬಸಕ್ಕೆ ತಿರುಗಿ ಆಸ್ಪತ್ರೆ ಸೇರಿಸಬೇಕಾಯಿತು.

ಆರನೆಯ ದಿನ ಡಾಕ್ಟರು, "ನಾಳೆ ಬೆಳಿಗ್ಗೆ ಕರ್ಕೊಂಡು ಹೋಗಿ. ಆದರೆ ಆ ಕೋಣೆ ಪೂರ್ತಿ ಒಣಗಿರಬೇಕು. ಇಲ್ಲದಿದ್ರೆ ಕಳಿಸಲ್ಲ" ಎಂದರು.

ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ಐವತ್ತು ತುಂಬಿದ್ದರೂ ಅವಳಿಲ್ಲದ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂಬುದು ಅವನಿಗೆ ತಿಳಿಯದು. ಮೇಷ್ಟ್ರು ಪಾಪ, ತಪ್ಪು ತಮ್ಮದೆಂದು ಒಪ್ಪಿ ಆರು ದಿನದಿಂದ ಬಚ್ಚಲಿಗೆ ನೀರು ಬಿಡದೆ, ಸಂಸಾರ ಸಮೇತ ಅವರಿವರ ಮನೆಯಲ್ಲಿ ಸ್ನಾನ ಮಾಡುತ್ತಿದ್ದರು. ಹಾಗಾಗಿ ಗೋಡೆ ಅರ್ಧ ಒಣಗಿತ್ತು. ಉಳಿದರ್ಧಕ್ಕೆ ಇದ್ದದ್ದು ಒಂದೇ ದಿನ.

ಅಂಗಡಿಗೆ ಬೀಗ ಹಾಕಿ, ಮೂಗಿಗೆ ಬಟ್ಟೆ ಕಟ್ಟಿ, ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಅವನು ಗೋಡೆಯ ಮುಂದೆ ಕೂತ. ಕೈಗಡಿಯಾರದ ಹಲ್ಲುಚಕ್ರ ತೊಳೆದ ಕೈ ಅದು. ಬೂಷ್ಟಿನ ಒಂದೊಂದೇ ಚುಕ್ಕೆಗೆ ಗುರಿಯಿಟ್ಟ.

"ಒಣಗೋಡೆ ಉಜ್ಜಬೇಡ್ರೀ!" ಬಾಗಿಲಲ್ಲಿ ಎದುರುಮನೆಯ ನಿವೃತ್ತ ಕಾಂಪೌಂಡರು ನಿಂತಿದ್ದರು. "ಪುಡಿ ಹಾರಿ ಮನೆಯೆಲ್ಲ ಹರಡುತ್ತೆ. ಮೊದಲು ಸೋಪಿನ ನೀರು ಚಿಮುಕಿಸಿ."

"ಒಣಗಿಸೋಕೆ ಕೂತವನ ಕೈಲಿ ನೀರು ಹಾಕಿಸ್ತೀರಾ?" ಎಂದು ಅವರ ಹಿಂದೆಯೇ ಬಂದವರು ಪಕ್ಕದ ಮನೆಯಾಕೆ. ಇಡೀ ಕಟ್ಟಡಕ್ಕೆ ಅವರು ದೊಡ್ಡಮ್ಮ.

"ಮೂವತ್ತು ವರ್ಷ ಔಷಧಿ ಕಲಸಿದೀನಮ್ಮ."

"ಗೋಡೆಗೆ ಕುಡಿಸಿದ್ರಾ?"

ಕಾಂಪೌಂಡರು ಗಾಳಿ ಬೇಕೆಂದು ಕಿಟಕಿ ತೆರೆದರು. ಹೊರಗಿನ ತೇವ ಒಳಗೆ ಬರುತ್ತದೆಂದು ದೊಡ್ಡಮ್ಮ ಮುಚ್ಚಿದರು. ಕಿಟಕಿ ಹೀಗೆ ಹನ್ನೊಂದು ಸಲ ಬಾಯಿ ತೆರೆದು ಮುಚ್ಚಿತು. ನಡುವೆ ಸಿಕ್ಕ ಅವನು ಚಿಮುಕಿಸಿದ, ಒರೆಸಿದ, ಚಿಮುಕಿಸಿದ, ಒರೆಸಿದ. ಬಕೆಟ್ಟಿನ ನೀರು ನಾಲ್ಕು ಸಲ ಕಪ್ಪಾಯಿತು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಹರಡಿ ಏಳು ಫ್ಯಾನು ಬಂದವು. ಹತ್ತು ಜನರ ಹುಲ್ಲುಕಡ್ಡಿ ಒಬ್ಬನಿಗೆ ಹೊರೆಯಂತೆ. ಏಳನ್ನೂ ಒಟ್ಟಿಗೆ ತಿರುಗಿಸಿದ್ದೇ ತಡ, ಎಲ್ಲೋ 'ಟಪ್' ಎಂದಿತು, ಕಟ್ಟಡಕ್ಕೆ ಕಟ್ಟಡವೇ ಸ್ತಬ್ಧವಾಯಿತು. ಮೂರು ಮಹಡಿಯಿಂದಲೂ ಅವನನ್ನೇ ಬೈದರು. ಅವನು ಏಣಿ ಹತ್ತಿ ಫ್ಯೂಸು ಕಟ್ಟಿ ಇಳಿದ.

ಅಷ್ಟರಲ್ಲಿ ಕಾಂಪೌಂಡರು ರೋಗಿಯ ಎದೆ ತಟ್ಟುವಂತೆ ಗೋಡೆ ತಟ್ಟುತ್ತಿದ್ದರು. "ಇಲ್ಲಿ ಗಟ್ಟಿ... ಇಲ್ಲಿ ಗಟ್ಟಿ... ಇಲ್ಲಿ ಟೊಳ್ಳು" ಎನ್ನುವಷ್ಟರಲ್ಲಿ ತಟ್ಟೆಯಗಲದ ಗಾರೆ ಕಳಚಿ ಅವರ ಕಾಲಿನ ಹೆಬ್ಬೆರಳ ಮೇಲೆ ಬಿತ್ತು.

"ಟೊಳ್ಳೇ" ಎಂದು ದೊಡ್ಡಮ್ಮ ಒಪ್ಪಿಕೊಂಡರು.

ಹಸಿ ಗಾರೆಯನ್ನೆಲ್ಲ ಕೆತ್ತಿ ತೆಗೆದು, ಅಕ್ಕನ ಮಂಚ ಎಳೆದಾಗ ತಲೆದಿಂಬಿನ ಕಡೆ ಸಾಲಾಗಿ ಮೂರು ಹಳೆಯ ಕ್ಯಾಲೆಂಡರು ಕಂಡವು. ಎತ್ತಿ ನೋಡಿದರೆ ಹಿಂದೆ ದಟ್ಟವಾದ ಕಪ್ಪು ಬೂಷ್ಟು. ಅಕ್ಕ ದಿನಗಟ್ಟಲೆ ಅದನ್ನು ಮುಚ್ಚಿಟ್ಟು, ಅದರ ಪಕ್ಕದಲ್ಲೇ ಮಲಗಿ ಕೆಮ್ಮಿದ್ದಳು.

"ನನಗೆ ಗೊತ್ತಿತ್ತಪ್ಪ," ದೊಡ್ಡಮ್ಮನ ದನಿ ಇಳಿಯಿತು. "ತಮ್ಮನಿಗೆ ಹೇಳಬೇಡಿ, ಅಂಗಡಿ ಬಿಟ್ಟು ಗೋಡೆ ಮುಂದೆ ಕೂರ್ತಾನೆ ಅಂತ ಆಣೆ ಹಾಕಿಸ್ಕೊಂಡಿದ್ಲು."

ಅವನು ಮೂಗಿನ ಬಟ್ಟೆಯನ್ನು ಕಣ್ಣಿನವರೆಗೂ ಏರಿಸಿಕೊಂಡು ಮತ್ತೆ ಉಜ್ಜತೊಡಗಿದ. ಆಮೇಲೆ ಸಂಜೆಯವರೆಗೆ ಯಾರೂ ಕಿಟಕಿಯ ವಿಷಯ ಎತ್ತಲಿಲ್ಲ. ಮೂರೇ ಫ್ಯಾನು ತಿರುಗಿದವು, ಕಾಂಪೌಂಡರು ಕುಂಟುತ್ತಲೇ ಅವುಗಳ ಮುಖವನ್ನು ಅತ್ತಿಂದಿತ್ತ ತಿರುಗಿಸಿದರು. ದೊಡ್ಡಮ್ಮ ಹಾಸಿಗೆ, ಹೊದಿಕೆಗಳನ್ನು ಒಗೆದು ಬಿಸಿಲಿಗೆ ಹಾಕಿ ತಂದರು.

ಐದು ಗಂಟೆಗೆ ಕೊನೆಯ ಪರೀಕ್ಷೆ. ಗೋಡೆಗೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ ಒಂದು ತಾಸು ಕಾಯುವುದು. ಒಳಗೆ ಬೆವರಿದರೆ ಗೋಡೆ ಇನ್ನೂ ಹಸಿ. ಮೂವರೂ ಫಲಿತಾಂಶಕ್ಕೆ ಕಾದ ಮಕ್ಕಳಂತೆ ನೆಲದಲ್ಲಿ ಕೂತರು. ಮೇಲಿನಿಂದ ದಢ್ ದಢ್ ಎಂಬ ಸದ್ದು. ಮೇಷ್ಟ್ರು ಕೊನೆಗೂ ಪ್ಲಂಬರನ್ನು ಕರೆಸಿದ್ದರು. ಆರಕ್ಕೆ ಸರಿಯಾಗಿ ಹಾಳೆ ಬಿಚ್ಚಿದರೆ ಒಂದು ಹನಿಯೂ ಇಲ್ಲ. ಕಾಂಪೌಂಡರು ಗೋಡೆಗೆ ಕೆನ್ನೆಯಿಟ್ಟು, "ಗುಣವಾಗಿದೆ" ಎಂದು ಘೋಷಿಸಿದರು.

ಅವನು ಅಕ್ಕನಿಗೆ ಫೋನು ಮಾಡಿ, "ನಾಳೆ ರೆಡಿ ಇರು" ಎಂದಷ್ಟೇ ಹೇಳಿದ. ಅವಳಿಗೆ ಹಾಲು, ಹಣ್ಣು ತರಲು ಪೇಟೆಗೆ ಹೋದ.

ಮರಳಿ ಬಂದಾಗ ಬಾಗಿಲಲ್ಲಿ ಎಂಟು ಚಪ್ಪಲಿಗಳಿದ್ದವು. ಅಕ್ಕನ ಕೋಣೆಯಲ್ಲಿ ಮೇಷ್ಟ್ರ ಹೆಂಡತಿ ಹಾಸಿಗೆ ಬಿಡಿಸುತ್ತಿದ್ದಳು. ಮಂಚದ ಮೇಲೆ ಮೇಷ್ಟ್ರ ಮಕ್ಕಳಿಬ್ಬರು ಕುಣಿಯುತ್ತಿದ್ದರು. ಮೇಷ್ಟ್ರು ಕೈಮುಗಿದು ಎದ್ದು ನಿಂತರು.

"ತಪ್ಪು ತಿಳ್ಕೋಬೇಡಿ. ಪ್ಲಂಬರು ಬಚ್ಚಲಿಂದ ಮಲಗೋ ಕೋಣೆವರೆಗೂ ನೆಲ ಅಗೆದುಬಿಟ್ಟಿದಾನೆ. ಸಿಮೆಂಟು ಕೂರೋಕೆ ಒಂದು ವಾರ ಬೇಕಂತೆ. ಎಲ್ಲಿಗೆ ಹೋಗೋದು ಅಂತ ಮೆಟ್ಟಿಲಲ್ಲಿ ಕೂತಿದ್ವಿ. ದೊಡ್ಡಮ್ಮ ನಿಮ್ಮಕ್ಕನಿಗೆ ಫೋನ್ ಮಾಡಿದ್ರು. ನನ್ನ ಕೋಣೆ ಒಣಗಿದೆಯಲ್ಲ, ಅಲ್ಲೇ ಇರಿ ಅಂತ ನಿಮ್ಮಕ್ಕನೇ ಅಂದ್ರು."

ಅವನು ಹಾಲಿನ ಪಾತ್ರೆ ಹಿಡಿದೇ ಹೊರಗೆ ಬಂದು ಫೋನು ಮಾಡಿದ.

"ಅಕ್ಕಾ, ನಾಳೆ ನೀನೆಲ್ಲಿ ಮಲಗ್ತೀಯೇ?"

"ನನಗಿಲ್ಲಿ ಮಂಚ ಇದೆಯಲ್ಲೋ. ಮಕ್ಕಳು ಮರಿ ಕಟ್ಕೊಂಡು ಅವರೆಲ್ಲಿ ಹೋಗ್ತಾರೆ? ಡಾಕ್ಟರಿಗೆ ಹೇಳಿಬಿಟ್ಟೆ, ನಮ್ಮ ಗೋಡೆ ಇನ್ನೂ ಹಸಿ ಇದೆ ಅಂತ."

"ಅಕ್ಕಾ!"

"ಇನ್ನೊಂದು ವಾರ ಅಷ್ಟೇ. ಆ ಮಕ್ಕಳಿಗೆ ಹಾಲು ಕಾಯಿಸಿಕೊಡು."

ಒಳಗೆ ಹೋದಾಗ ಮೇಷ್ಟ್ರ ಹೆಂಡತಿ ಆಗಲೇ ಕೋಣೆಗೆ ಅಡ್ಡಲಾಗಿ ಹಗ್ಗ ಕಟ್ಟಿ ಆರು ದಿನದ ಬಟ್ಟೆ ಒಗೆದು ಹರವಿದ್ದಳು. ಕೊನೆಯ ಟವೆಲ್ಲಿನಿಂದ ಗೋಡೆಗುಂಟ ನೀರು ಇಳಿಯುತ್ತಿತ್ತು. ಅವನು ಹಾಲನ್ನು ಒಲೆಯ ಮೇಲಿಟ್ಟು ಬಂದು, ಟವೆಲ್ಲನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಸರಿಸಿದ.