ನೇಕಾರನ ಕೈಗೆ ಸಿಕ್ಕ ನೆಟ್‌ವರ್ಕ್ ತಂತಿ

ವಯಸ್ಸಾದ ಮೇಲೆ ಹೊಸದೇನೂ ತಲೆಗೆ ಹತ್ತುವುದಿಲ್ಲ ಎನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವರು ಹಾಗೆಂದರು ಎಂಬ ಒಂದೇ ಕಾರಣಕ್ಕೆ ನಾನು ಏನು ಬೇಕಾದರೂ ಕಲಿತೇನು. ತೊಂಬತ್ತರ ದಶಕದಲ್ಲಿ, ಸೇಲಂನಲ್ಲಿ ನಾನು ಟೈಪಿಸ್ಟಾಗಿದ್ದ ಸೀರೆ ವ್ಯಾಪಾರದ ಆಫೀಸಿಗೆ ನಾಲ್ಕು ಕಂಪ್ಯೂಟರು ಬಂದು ಒಂದೇ ತಂತಿಗೆ ಪೋಣಿಸಿಕೊಂಡು ಕುಳಿತವು. ನೆಟ್‌ವರ್ಕ್ ಪಾಠ ಕಲಿತವರಿಗೆ ಇಲ್ಲಿ ಕುರ್ಚಿ, ಉಳಿದವರಿಗೆ ನೂಲಿನ ಗೋಡೌನು ಎಂದರು ಮ್ಯಾನೇಜರು. ಅನ್ನುವಾಗ ನನ್ನನ್ನೇ ನೋಡಿದರು. ಆ ನೋಟಕ್ಕಾಗಿಯೇ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ.

"ಈ ವಯಸ್ಸಲ್ಲಿ ನಿಮಗ್ಯಾಕೆ ಆ ತೊಂದರವು? ಗೋಡೌನಾಗೂ ಫ್ಯಾನ್ ಐತಲ್ಲ" ಎಂದಳು ಹೆಂಡತಿ, ಮಗ್ಗದ ಗುಂಡಿಯಿಂದ ತಲೆ ಎತ್ತದೆ.

"ಫ್ಯಾನಿಗೋಸ್ಕರ ಮಾನ ಬಿಡ್ಲಾ?" ಎಂದೆ. ಅವಳು ಮತ್ತೆ ಲಾಳಿ ಓಡಿಸಿದಳು.

ಪಾಠ ಹೇಳಲು ಬಂದ ಸೆಲ್ವಿ ಕಾರಿಮಂಗಲದ ಕಡೆಯ ಹುಡುಗಿ, ನಮ್ಮ ಹಾಗೆ ಕನ್ನಡ ಮಾತಿನವಳೇ. ಪ್ರೊಟೊಕಾಲ್ ಎಂದರೆ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಕಟ್ಟುಪಾಡಂತೆ. "ಒಂದು 'ಬರ್ಲಾ' ಅಂತೈತೆ, ಇನ್ನೊಂದು 'ಬಾ' ಅಂತೈತೆ, ಮೊದಲಿಂದು 'ಸರಿ, ಬಂದೆ' ಅಂತೈತೆ. ಅಪ್ಪುರಂ ತಾನ್ ವಿಷಯ, ಅದಾದ್ಮೇಲೇನೆ, ಅಣ್ಣಾ." ಇಷ್ಟು ಮರ್ಯಾದೆ ನಮ್ಮ ಮನೆಯಲ್ಲಿ ಮನುಷ್ಯರಿಗೇ ಇಲ್ಲ. ಮೂರು ಸಲ ಕೂಗಿದರೂ ಊಟಕ್ಕೆ 'ಬಾ' ಎನ್ನುವವರಿಲ್ಲದ ನನಗೆ ಆ ಪಾಠ ಬಹಳ ಹಿಡಿಸಿತು, ಬಾಯಿಪಾಠವೂ ಆಯಿತು.

ಪರೀಕ್ಷೆಯ ಬೆಳಿಗ್ಗೆ ಯಾರೋ ಬೀರು ಎಳೆದು ತಂತಿ ಕಡಿದುಹಾಕಿದರು. ಕಡಿದ ಎಳೆ ಕಂಡೂ ದಾಟಿ ಹೋಗಬಾರದು ಎಂಬುದು ನೇಕಾರರ ಮನೆಯ ನಿಯಮ. ತಲೆ ಯೋಚಿಸುವ ಮೊದಲೇ ಕೈ ಹೊರಟಿತು. ಎಳೆ ಜಾರದಿರಲೆಂದು ಹಣೆಯ ವಿಭೂತಿ ಬೆರಳಿಗೆ ಸೋಕಿಸಿ, ಒಳಗಿನ ತಂತಿ, ಹೊರಗಿನ ಜಾಲರಿ ಎರಡನ್ನೂ ಸೇರಿಸಿ ನೂಲಿನ ಹಾಗೆ ಹೊಸೆದುಬಿಟ್ಟೆ. ನೋಡಲು ಗಂಟೇ ಕಾಣದು. ಆದರೆ ನಾಲ್ಕು ಕಂಪ್ಯೂಟರಿಗೂ ಮಾತು ನಿಂತೇ ಇತ್ತು.

"ಅಣ್ಣಾ, ಇದು ನೂಲಲ್ಲ" ಎಂದಳು ಸೆಲ್ವಿ. ಮ್ಯಾನೇಜರು ಗೋಡೌನಿನ ಕಡೆ ಕೈ ತೋರಿಸಿದರು.

ನಾನು ಕದಲಲಿಲ್ಲ. "ನಮ್ಮ ಮಗ್ಗದಾಗೆ ಒಂದೆಳೆ ಕಡಿದ್ರೆ ಮಿಕ್ಕ ಎಳೆ ಸಾಯಲ್ಲ ಸಾರ್. ಇದ್ಯಾವ ಕೆಟ್ಟ ನೇಯ್ಗೆ? ಮೊದ್ಲು ಪರೀಕ್ಷೆ ಮಾಡಿ, ಆಮೇಲೆ ಓಗು ಅನ್ನಿ." ಅಲ್ಲೇ, ಎಲ್ಲರ ಮುಂದೆ, ಸೆಲ್ವಿ ಕೇಳಿದಳು, ನಾನು ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ, ನೆಟ್‌ವರ್ಕ್ ಯಾಕೆ ಏಳಲಿಲ್ಲ ಎಂದಳು. ಒಳತಂತಿ ಜಾಲರಿಗೆ ತಾಕಿದ್ದರಿಂದ ಎಂದೆ. ತಾಕಿಸಿದವರು ಯಾರೆಂಬುದು ಪಾಠದಲ್ಲಿರಲಿಲ್ಲ.

ಕುರ್ಚಿ ನನ್ನದಾಯಿತು. ಒಂದೇ ಷರತ್ತು: ತಂತಿ ಕಡಿದಾಗ ಸೆಲ್ವಿ ಬರುವ ತನಕ ನನ್ನ ಎರಡೂ ಕೈ ಎಲ್ಲರಿಗೂ ಕಾಣುವಂತೆ ಮೇಜಿನ ಮೇಲಿರಬೇಕು. ಹಾಗೆಯೇ ಇಟ್ಟಿರುತ್ತಿದ್ದೆ. ಮಗ್ಗದಲ್ಲಿ ಅರ್ಧ ಕೆಲಸ ಕಾಲಿನದು ಎಂಬುದು ಪಾಪ, ಮ್ಯಾನೇಜರಿಗೆ ತಿಳಿದಿರಲಿಲ್ಲ. ತಂತಿ ಓಡುತ್ತಿದ್ದುದು ಮೇಜಿನ ಅಡಿಯಲ್ಲೇ; ಚಪ್ಪಲಿ ಕಳಚಿಟ್ಟೇ ಕೂರುತ್ತಿದ್ದೆ.